ಅವ್ವ ಡೇರಾಡೂನಿಗೆ ಹೋದದ್ದು

ಕೃಷ್ಣಾ ಸ್ಟೇಷನ್

ಯುದ್ಧ ಮುಗಿದ ಮರುವರ್ಷದ ಶಿವರಾತ್ರಿಯ ಹೊತ್ತಿಗೆ ನನ್ನ ತಮ್ಮ ಮಾಳಪ್ಪನ ಪತ್ರ ಮಕ್ತಲಕ್ಕೆ ಬಂತು. ಅವನು ಹಿಮಾಲಯದ ಬುಡದ ಡೇರಾಡೂನಿನಲ್ಲಿ ಎರಡು ವರ್ಷದಿಂದ ಕಾಡಿನ ವಿದ್ಯೆ ಓದುತ್ತಿದ್ದ. ಓದು ಮುಗಿಯಿತು, ಪದವಿ ಕೊಡುವ ದಿನ ಮನೆಯವರು ಬರಬಹುದು ಎಂದು ಬರೆದಿದ್ದ. ಬರಬೇಕು ಎಂದು ಬರೆದಿರಲಿಲ್ಲ.

ನಾನು ಮಕ್ತಲದ ಸ್ಕೂಲಿನಲ್ಲಿ ಮಾಸ್ತರ. ಶುಕ್ರವಾರ ರಜೆ ಸಿಕ್ಕಿದ ಕೂಡಲೇ ಮಾಗನೂರಿಗೆ ಹೋಗಿ ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ಅವ್ವ ಉಣ್ಣೆ ಹಿಂಜುತ್ತ ಕೂತಿದ್ದಳು. ಕೈ ನಿಲ್ಲಿಸಲಿಲ್ಲ.

"ಬರ್ತೀವಿ ಅಂತ ಬರಿ" ಎಂದಳು.

"ಯಾರ್ಯಾರು?"

"ನಾನು, ನೀನು. ಅವನ್ನ ಒಂದ ಮಾತು ಕೇಳೂದೈತಿ. ಕಾಗದದಾಗ ಕೇಳೂ ಮಾತಲ್ಲ ಅದು."

ಆ ಮಾತು ಯಾವುದೆಂದು ನನಗೆ ಗೊತ್ತಿತ್ತು. ನಮ್ಮದು ಬೀರಪ್ಪನ ಒಕ್ಕಲು, ಕುರಿ ಸಾಕಿದ ಮನೆತನ. ಒಂಬತ್ತು ವರ್ಷದ ಹಿಂದೆ ಅಪ್ಪನ ಕುರಿಗಳು ಸರಕಾರಿ ಕಾಡಿನೊಳಗೆ ಮೇದವೆಂದು ಜಂಗಲಾತಿನವರು, ಎಂದರೆ ಕಾಡಿನ ಇಲಾಖೆಯವರು, ಇಡೀ ಹಿಂಡನ್ನು ಹೊಡೆದುಕೊಂಡು ಹೋಗಿ ದೊಡ್ಡಿಗೆ ಕೂಡಿದ್ದರು. ಬೇಸಿಗೆಯ ಬಿಸಿಲು. ಮೂರು ದಿನ ನೀರಿಲ್ಲ. ಅಪ್ಪ ತಾಲ್ಲೂಕು ಕಚೇರಿಗೆ ಅಲೆದು ಬಿಡಿಸಿಕೊಂಡು ಬರುವಷ್ಟರಲ್ಲಿ ಅರ್ಧ ಹಿಂಡು ಸತ್ತಿತ್ತು. ಅಪ್ಪ ಮತ್ತೆ ಕುರಿ ಕಟ್ಟಲಿಲ್ಲ. ಎರಡು ವರ್ಷದಲ್ಲಿ ತಾನೂ ಹೋದ. ಮಾಳಪ್ಪ ಚೆನ್ನಾಗಿ ಓದಿದ, ಹೈದರಾಬಾದಿಗೂ ಹೋಗಿ ಓದಿದ. ಕೊನೆಗೆ ಅದೇ ಜಂಗಲಾತಿಗೆ ಸೇರಿದ್ದೇನೆಂದು ಬಂದು ಹೇಳಿದಾಗ ಅವ್ವ ಅವನಿಗೆ ರೊಟ್ಟಿ ಬಡಿಸಿದಳು, ಮಾತಾಡಲಿಲ್ಲ. ಎರಡು ವರ್ಷದಿಂದ ಅವನ ಪತ್ರಗಳಿಗೆ ಅವ್ವನ ಉತ್ತರ ಒಂದೇ: "ಆರಾಮ ಐತಿ ಅಂತ ಬರಿ."

ಕಾಮನ ಹಬ್ಬ ಮುಗಿದ ವಾರ ಕೃಷ್ಣಾ ಸ್ಟೇಷನ್ನಿನಲ್ಲಿ ರೈಲು ಹತ್ತಿದೆವು. ಪ್ಲಾಟ್‌ಫಾರಮಿನ ಮೇಲೆ ಸೀರೆಯ ಗಂಟಿನ ಜೊತೆ ನಿಂತಿದ್ದ ಗದ್ವಾಲಿನ ವ್ಯಾಪಾರಿಯೊಬ್ಬರು ಅವ್ವನ ಬುತ್ತಿ, ಕಂಬಳಿ, ತಂಬಿಗೆಗಳನ್ನೆಲ್ಲ ನೋಡಿ, "ಎಕ್ಕಡಿಕಮ್ಮಾ?" ಎಂದು ತೆಲುಗಿನಲ್ಲಿ ಎಲ್ಲಿಗೆಂದು ಕೇಳಿದರು.

"ಹಿಮಾಲಯಾಲಕು" ಎಂದಳು ಅವ್ವ, ಮರಿಕಲ್ಲಿಗೆ ಸಂತೆಗೆ ಹೋಗುವವಳಂತೆ.

"ಯಾತ್ರಕಾ?"

"ಕಾದು. ಕೊಡುಕುತೋ ಮಾಟ್ಲಾಡಾಲಿ."

ಮಗನ ಜೊತೆ ಮಾತಾಡುವುದಕ್ಕೆ ಅಷ್ಟು ದೂರವೇ ಎಂದು ಅವರು ನನ್ನ ಮುಖ ನೋಡಿದರು. ನಾನು ಸಾಮಾನು ಎತ್ತಿಕೊಂಡೆ.

ಮನಮಾಡಿನಿಂದಾಚೆ

ನಿಜಾಮ ಸರಕಾರದ ಗಡಿ ದಾಟುವಲ್ಲಿ ಸುಂಕದವನೊಬ್ಬ ಗಾಡಿಯೊಳಗೆ ಬಂದು ನಮ್ಮ ಗಂಟುಗಳನ್ನು ಬಿಚ್ಚಿಸಿದ. ಅವ್ವ ಎಂಟು ದಿನಕ್ಕೆ ಸಾಕಾಗುವಷ್ಟು ಜೋಳದ ರೊಟ್ಟಿಯನ್ನು ಒಣಗಿಸಿ ಕಟ್ಟಿದ್ದಳು. ಅಟ್ಟಿಯ ನಡುವೆ ಏನಾದರೂ ಅಡಗಿಸಿದ್ದಾಳೆಂದು ಅವನು ಒಂದೆರಡು ರೊಟ್ಟಿ ಮುರಿದ. ಅವ್ವ ಮುರಿದ ಚೂರಿಗೆ ಶೇಂಗಾ ಚಟ್ನಿ ಹಚ್ಚಿ ಅವನ ಕೈಗೇ ಕೊಟ್ಟಳು. ತಿನ್ನುತ್ತಲೇ ಇಳಿದುಹೋದ.

ಅವಳಿಗೆ ಹೆಂಗಸರ ಡಬ್ಬಿ, ನನಗೆ ಪಕ್ಕದ್ದು. ಗಾಡಿ ನಿಂತಲ್ಲೆಲ್ಲ ನಾನು ಇಳಿದು ಅವಳ ಕಿಟಕಿಗೆ ಓಡುತ್ತಿದ್ದೆ. ಅವಳಿಗೆ ಸಂತೆಯಲ್ಲಿ ಕಲಿತ ದಖನಿ ಮಾತು ಬರುತ್ತದೆ, ತೊಂದರೆಯಾಗದು ಎಂದುಕೊಂಡಿದ್ದೆ. ಮನಮಾಡಿನಲ್ಲಿ ಗಾಡಿ ಬದಲಿಸಿದ ಮೇಲೆ ಅದರ ಬಲ ಇಳಿಯುತ್ತ ಬಂತು. ಒಂದು ಸ್ಟೇಷನ್ನಿನಲ್ಲಿ ಚಹಾದವನು ಮಣ್ಣಿನ ಕುಡಿಕೆ ಹಿಡಿದು ಬಂದ. ಅವ್ವ "ನಕ್ಕೋ" ಎಂದಳು. ನಮ್ಮ ಕಡೆ ಹಾಗೆಂದರೆ ಬೇಡ ಎಂದರ್ಥ, ಹಸುಗೂಸಿಗೂ ಗೊತ್ತು. ಆ ಮಾತನ್ನೇ ಕೇಳದ ಆತ ಏನು ತಿಳಿದನೋ, ಕುಡಿಕೆ ತುಂಬಿ ಕೈಗಿಟ್ಟ. ಅವಳು ಮತ್ತಷ್ಟು ಗಟ್ಟಿಯಾಗಿ "ನಕ್ಕೋ, ನಕ್ಕೋ!" ಎಂದಳು. ಇನ್ನೆರಡು ಕುಡಿಕೆ ಬಂದವು. ನಾನು ಹೋಗುವಷ್ಟರಲ್ಲಿ ಡಬ್ಬಿಯ ಹೆಂಗಸರೆಲ್ಲ ನಗುತ್ತಿದ್ದರು. ಅಲ್ಲಿಯವರೆಗೆ ಚಹಾ ಮುಟ್ಟದಿದ್ದ ಅವ್ವ ಒಂದು ಕುಡಿಕೆಯನ್ನು ಪೂರ್ತಿ ಕುಡಿದಿದ್ದಳು.

"ಹ್ಯಾಂಗೈತಿ?" ಎಂದೆ.

"ಬಿಸಿ ಐತಿ" ಎಂದಳು. ಇನ್ನೊಂದನ್ನೂ ಕುಡಿದಳು.

ಹರಿದ್ವಾರ

ಗಾಡಿ ಬದಲಿಸಲು ಅಲ್ಲಿ ಅರ್ಧ ದಿನ ಕಾಯಬೇಕಿತ್ತು. ಗಂಗೆ ನಮ್ಮ ಕೃಷ್ಣೆಯಷ್ಟು ಅಗಲವಿಲ್ಲ. ಆದರೆ ಆ ಓಟ! ಬೇಸಿಗೆಯಲ್ಲಿ ನಮ್ಮ ಹೊಳೆ ಬಂಡೆಗಳ ನಡುವೆ ಮಲಗಿರುತ್ತದೆ. ಇದು ಯಾರೋ ಅಟ್ಟಿಸಿಕೊಂಡು ಬಂದಂತೆ ಓಡುತ್ತಿತ್ತು. ಅವ್ವ ಮೆಟ್ಟಿಲಿಗೆ ಬಿಗಿದ ಸರಪಳಿ ಹಿಡಿದು ಒಂದು ಮುಳುಗು ಹಾಕಿ, ಹಲ್ಲು ಕಡಕಡಿಸುತ್ತ ಮೇಲೆ ಬಂದಳು.

ಅಲ್ಲಿನ ಪಂಡರೆಂಬ ಪುರೋಹಿತರು ಬಂದವರ ಊರು, ಕುಲ ಕೇಳಿ, ಉದ್ದನೆಯ ವಹಿಗಳನ್ನು ಬಿಚ್ಚಿ, ನಿಮ್ಮ ಅಜ್ಜ ಇಂಥ ಕಾಲಕ್ಕೆ ಬಂದಿದ್ದ ಎಂದು ಹೆಸರು ತೋರಿಸುತ್ತಾರೆ. ಇದು ನನಗೆ ಬಹಳ ಸೋಜಿಗವಾಯಿತು. ನಮ್ಮೂರಿನಲ್ಲಿ ಅಜ್ಜನ ಅಪ್ಪನ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುತ್ತೇವೆ. ಒಬ್ಬ ಮುದಿ ಪಂಡ ನಮ್ಮನ್ನೂ ಹಿಡಿದ. ಮಾಗನೂರು ಅವನ ವಹಿಯಲ್ಲಿರಲಿಲ್ಲ, ಮಕ್ತಲವೂ ಇರಲಿಲ್ಲ. ಗದ್ವಾಲಿನ ಯಾರೋ ದೊಡ್ಡ ಮನೆಯವರ ಹೆಸರು ಸಿಕ್ಕಿತು. ನಿಮ್ಮ ಪೈಕಿ ಮೊದಲು ಬಂದವರು ಯಾರೆಂದು ಕೇಳಿದ. ಅವ್ವ ಒದ್ದೆ ಸೆರಗು ಹಿಂಡುತ್ತ, "ನಾನs ಮೊದಲನೇಕಿ, ಬರ್ಕೋ ಅನ್ನು" ಎಂದಳು. ಅವನು ಬರೆದುಕೊಂಡ. ಅವಳ ಹೆಸರು ಮಾಳವ್ವ ಎಂಬುದು ಕಾಗದದ ಮೇಲೆ ಬಂದದ್ದನ್ನು ನಾನು ನೋಡಿದ್ದು ಅಂದೇ.

ಡೇರಾಡೂನ್, ಮೊದಲ ದಿನ

ಸ್ಟೇಷನ್ನಿಗೆ ಮಾಳಪ್ಪ ಬಂದಿದ್ದ. ಖಾಕಿ ಕೋಟು, ಖಾಕಿ ಚಡ್ಡಿ, ಮೊಣಕಾಲಿನವರೆಗೆ ಕಾಲುಚೀಲ, ತಲೆಗೆ ಟೊಪ್ಪಿಗೆ. ಅವ್ವ ಅವನ ಗುರುತು ಹಿಡಿಯದೆ ಒಂದು ಹೆಜ್ಜೆ ಹಿಂದೆ ಸರಿದಳು. ಅವನು ಟೊಪ್ಪಿಗೆ ತೆಗೆದು ಕಾಲು ಮುಟ್ಟಿದ. ಅವಳು ತಲೆಯ ಮೇಲೆ ಕೈ ಇಟ್ಟಳು, ತೆಗೆದಳು. ಸಾಮಾನೆಲ್ಲ ಅವನೇ ಹೊತ್ತುಕೊಂಡ.

ಗೊತ್ತುಮಾಡಿದ ಧರ್ಮಶಾಲೆಯಲ್ಲಿ ನಮ್ಮನ್ನು ಬಿಟ್ಟು, ನಾಳೆಯೆಲ್ಲ ಸಮಾರಂಭದ ತಾಲೀಮಿದೆ, ಸಂಜೆ ಬರುತ್ತೇನೆ ಎಂದು ಹೋದ. ಹೋಗುವಾಗ, "ಅಣ್ಣಾ, ಅವ್ವ ಇನ್ನಾ ಸಿಟ್ಟಾಗ ಅದಾಳೇನು?" ಎಂದು ಬಾಗಿಲಲ್ಲಿ ಕೇಳಿದ. ಬಂದಾಳಲ್ಲ ಎಂದೆ. ನನಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

ಕಾಮನ ಹಬ್ಬ ಕಳೆದರೆ ನಮ್ಮಲ್ಲಿ ನೆಲ ಕಾದು ಬಿರಿಯುವ ಕಾಲ. ಇಲ್ಲಿ ಸಂಜೆಗೆ ಕಂಬಳಿ ಬೇಕಾಯಿತು. ಊರಿನ ಬೆನ್ನಿಗೇ ಗೋಡೆಯಂತೆ ಗುಡ್ಡ. ಅದರ ಮೇಲೆ ಸಾಹೇಬರ ಬಂಗಲೆಗಳು ಸುಣ್ಣದ ಚುಕ್ಕಿಗಳಂತೆ ಕಾಣುತ್ತಿದ್ದವು. ಕೂಲಿಯವರು ಹೊರೆಯನ್ನು ತಲೆಯ ಮೇಲೆ ಹೊರುವುದಿಲ್ಲ. ಬೆನ್ನಿಗೆ ಹಾಕಿ, ಹಗ್ಗವನ್ನು ಹಣೆಗೆ ಕೊಟ್ಟು, ನೆಲ ನೋಡುತ್ತ ನಡೆಯುತ್ತಾರೆ. ಗೋಧಿ ರೊಟ್ಟಿ ಅವ್ವನಿಗೆ ಸೇರಲಿಲ್ಲ, ಚರ್ಮ ಜಗಿದಂತಾಗುತ್ತದೆ ಎಂದಳು. ಅವಳ ಮನಸ್ಸಿಗೆ ಬಂದದ್ದು ಒಂದೇ: ರಸ್ತೆಯ ಬದಿಯಲ್ಲಿ ಹರಿಯುವ ಕಾಲುವೆ. ಸೇದುವವರಿಲ್ಲ, ಕಾಯುವವರಿಲ್ಲ, ಜಗಳಾಡುವವರಿಲ್ಲ. ತಿಳಿನೀರು ಮನೆಮನೆಯ ಮುಂದೆ ಹಾದುಹೋಗುತ್ತಿತ್ತು. ಅವ್ವ ಅದರ ದಂಡೆಯ ಮೇಲೆ ಕೂತು ಬಹಳ ಹೊತ್ತು ಏಳಲಿಲ್ಲ.

ಚೌಕಿ

ಮರುದಿನ ಬೆಳಿಗ್ಗೆ ಅವಳು ಆ ಕಾಲುವೆಯ ಜಾಡು ಹಿಡಿದು ಗುಡ್ಡದ ಕಡೆ ನಡೆದಳು. ನಾನು ಹಿಂದೆ. ಊರು ಮುಗಿದು ಕಾಡು ಶುರುವಾಗುವಲ್ಲಿ ಅಡ್ಡಗಂಬದ ಚೌಕಿಯೊಂದಿತ್ತು. ಅದರ ಮುಂದೆ ಕುರಿ, ಆಡುಗಳ ದೊಡ್ಡ ಹಿಂಡು ನಿಂತಿತ್ತು. ಹಲವು ಕುರಿಗಳ ಬೆನ್ನ ಮೇಲೆ ಜೋಡಿ ಚೀಲಗಳು.

ಅವ್ವ ನಿಂತುಬಿಟ್ಟಳು. "ಅಯ್ಯ ಶಿವನೇ! ಕುರಿಗೆ ಕತ್ತೆ ಕೆಲಸ ಹಚ್ಯಾರಲ್ಲೋ!" ಎಂದು ನಕ್ಕಳು. ಊರು ಬಿಟ್ಟ ಮೇಲೆ ಅವಳು ಗಟ್ಟಿಯಾಗಿ ನಕ್ಕದ್ದು ಅದೇ ಮೊದಲು. ಹಿಂಡಿನ ಯಜಮಾನಿ, ಮುಖದ ತುಂಬ ಸುಕ್ಕಿದ್ದ ಹೆಂಗಸು, ನಿಂತಲ್ಲೇ ಕದಿರು ತಿರುಗಿಸಿ ಉಣ್ಣೆ ನೂಲುತ್ತಿದ್ದಳು. ಅವ್ವ ಹೋಗಿ ಆ ನೂಲನ್ನು ಹಿಡಿದು ನೋಡಿದಳು. ಆ ಹೆಂಗಸು ಅವ್ವನ ಕಂಬಳಿ ಹಿಡಿದು ನೋಡಿದಳು. ಇಬ್ಬರೂ ನೆಲದ ಮೇಲೆ ಕೂತರು.

ಸ್ವಲ್ಪ ಹೊತ್ತಿಗೆ ಅವ್ವನ ನಗು ಹೋಯಿತು. ಕುರಿಗಳು ನಾಲಿಗೆ ಹೊರಗೆ ಹಾಕಿ ನಿಂತಿದ್ದವು. ಹಿಂದೂಸ್ತಾನಿಯಲ್ಲಿ ಕೇಳಿ ತಿಳಿದೆ. ಬೇಸಿಗೆಗೆ ಮೇಲಿನ ಹುಲ್ಲುಗಾವಲಿಗೆ ಹೋಗುವ ಹಿಂಡು ಅದು. ಅವರ ಪರವಾನಗಿಯ ದಿನ ಇನ್ನೂ ಬಂದಿರಲಿಲ್ಲ. ಕೆಳಗೆ ಹುಲ್ಲಿಗೆ ಬೆಂಕಿ ಬಿದ್ದದ್ದರಿಂದ ಎರಡು ದಿನ ಮೊದಲೇ ಬಂದುಬಿಟ್ಟಿದ್ದರು. ಕಾಲುವೆಗೆ ಅಲ್ಲಿ ಕಲ್ಲಿನ ಚಪ್ಪಡಿ ಮುಚ್ಚಿತ್ತು, ಕೆಳಗೆ ಊರಿನವರು ಕುಡಿಯುವ ನೀರಿಗೆ ಕುರಿ ಬಿಡುವಂತಿರಲಿಲ್ಲ. ಕುರಿ ಇಳಿಯಬಹುದಾದ ಹಳ್ಳ ಅಡ್ಡಗಂಬದ ಆಚೆ, ಕೂಗಳತೆಯಲ್ಲಿ. ಕಾವಲಿನವನು ಕೆಟ್ಟವನಲ್ಲ. "ನಾನು ಬಿಟ್ಟರೆ ನನ್ನ ಕೆಲಸ ಹೋಗುತ್ತದೆ, ಮಾಸ್ತರ್ ಸಾಬ್" ಎಂದ. ಹಿಂಡು ಅಲ್ಲಿ ನಿಂತು ಒಂದು ಹಗಲು ಕಳೆದಿತ್ತು.

ಅವ್ವ ಎದ್ದು ಅಡ್ಡಗಂಬಕ್ಕೆ ಕೈ ಇಟ್ಟು ನಿಂತಳು. "ಮಾಳ್ಯಾನ ಕರ್ಕೊಂಡ್ ಬಾ" ಎಂದಳು.

"ಅವನಿನ್ನಾ ಕಲಿಯೂ ಹುಡುಗ, ಅವ್ವಾ. ನಾಳೆ ಪದವಿ ಐತಿ. ಇದರಾಗ ತಲಿ ಹಾಕಿದ್ರ—"

"ಕರ್ಕೊಂಡ್ ಬಾ."

ಮಾಳಪ್ಪ ತಾಲೀಮಿನ ನಡುವಿನಿಂದ ಬಂದ. ಪರವಾನಗಿ ಓದಿದ. ಕಾವಲಿನವನ ಮಾತು ಸರಿ ಎಂದ. ಅವ್ವ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಚೌಕಿಯ ಪುಸ್ತಕ ತರಿಸಿದ. ನೀರು ಕುಡಿಸಿ ಇಲ್ಲಿಗೇ ವಾಪಸು ತಂದು ನಿಲ್ಲಿಸುತ್ತೇನೆ, ಏನಾದರೂ ಕೆಟ್ಟರೆ ಹೊಣೆ ನನ್ನದು ಎಂದು ಬರೆದು ಸಹಿ ಹಾಕಿದ. ಕಂಬ ಮೇಲೆದ್ದಿತು.

ಖಾಕಿ ತೊಟ್ಟ ನನ್ನ ತಮ್ಮ ಕುರಿಗಳ ಮುಂದೆ ನಿಂತು ನಾಲಿಗೆ ಮಡಿಚಿ ನಮ್ಮೂರಿನ ಕೂಗು ಹಾಕಿದ. ಆ ಗುಡ್ಡದ ಕುರಿಗಳಿಗೆ ಕನ್ನಡ ಬರಬೇಕಲ್ಲ! ಒಂದೂ ಕದಲಲಿಲ್ಲ. ಯಜಮಾನಿ ಒಮ್ಮೆ ಸಿಳ್ಳು ಹಾಕಿದಳು, ಎಲ್ಲವೂ ಹಳ್ಳಕ್ಕೆ ಓಡಿದವು.

ಕುಡಿದು ಮರಳುವಾಗ ಕೇಡು ಕಾದಿತ್ತು. ದಾರಿಯ ಪಕ್ಕದಲ್ಲಿ ಕಾಲೇಜಿನ ಸಸಿಮಡಿ. ನಾಲ್ಕೈದು ಆಡುಗಳು ಬೇಲಿ ಹಾರಿ ಒಳಗಿಳಿದವು. ನಾವೆಲ್ಲ ಬಡಿಗೆ ಹಿಡಿದು ಓಡುವಷ್ಟರಲ್ಲಿ ಎರಡು ಸಾಲು ಶೀಶಮ್ ಮರದ ಸಸಿಗಳನ್ನು ಬುಡದವರೆಗೆ ಮೇದುಬಿಟ್ಟಿದ್ದವು. ಕಾವಲಿನವನು ತಲೆಗೆ ಕೈಹೊತ್ತು ಕೂತ. ನಾನು ಮೆಲ್ಲಗೆ, "ಯಾರೂ ನೋಡಿಲ್ಲ" ಎಂದೆ. ಮಾಸ್ತರನಾದವನು ಆಡುವ ಮಾತಲ್ಲ, ಆದರೆ ಆಡಿದೆ.

"ಪುಸ್ತಕದಾಗ ಸಹಿ ಐತಿ, ಅಣ್ಣಾ" ಎಂದು ಮಾಳಪ್ಪ ನೆಟ್ಟಗೆ ತನ್ನ ಸಾಹೇಬರ ಹತ್ತಿರ ಹೋದ.

ಸಂಜೆ ಅವನು ಧರ್ಮಶಾಲೆಗೆ ಬಂದು ನಡೆದದ್ದು ಹೇಳಿದ. ಸಾಹೇಬರು ಕೂಗಾಡಲಿಲ್ಲವಂತೆ. ನಾಳೆ ಸಮಾರಂಭಕ್ಕೆ ಮೊದಲು ಅಷ್ಟೂ ಸಸಿ ನಿನ್ನ ಕೈಯಿಂದಲೇ ಮತ್ತೆ ನೆಟ್ಟಿರಬೇಕು, ಆಮೇಲೆ ನಿನ್ನ ಹೆಸರಿನ ವಿಚಾರ ನೋಡೋಣ ಎಂದರಂತೆ.

ಸಸಿಮಡಿ

ಬೆಳಕು ಹರಿಯುವ ಹೊತ್ತಿಗೆ ಮೂವರೂ ಅಲ್ಲಿದ್ದೆವು. ನೆಡುವುದು ಅವನು, ಕುಣಿ ತೋಡುವುದು ನಾನು, ಹಳ್ಳದಿಂದ ನೀರು ತಂದು ಹಾಕುವುದು ಅವ್ವ. ಜಂಗಲಾತಿಗಾಗಿ ಅವ್ವ ನೀರು ಹೊರುವುದನ್ನು ನೋಡುತ್ತೇನೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಬೆರಳು ಮರಗಟ್ಟುವ ಚಳಿ. ಮೊದಲ ಸಾಲು ಮುಗಿದಾಗ ಅವಳು ಕೊಡ ಇಳಿಸಿದಳು.

"ಮಾಳ್ಯಾ, ನಿಮ್ಮಪ್ಪನ ಕುರಿ ಯಾರ ದೊಡ್ಡ್ಯಾಗ ಸತ್ತವು ಅಂತ ಗೊತ್ತಿದ್ದೂ ಅವರ ಅಂಗೀನs ಯಾಕ ತೊಟ್ಟಿ?"

ಅವನು ಸಸಿಯ ಬುಡದ ಮಣ್ಣು ಒತ್ತುತ್ತಲೇ ಹೇಳಿದ. "ಆವಾಗ ನಾ ದೊಡ್ಡಿಗೆ ಹೋಗಿದ್ನೆವ್ವಾ. ಕೊಡ ನೀರ ಹೊತ್ಗೊಂಡು. ಕಾವಲಿಯಾಂವ ಬೈಲಿಲ್ಲ, ಹೊಡೀಲಿಲ್ಲ. ನನಗ ಹುಕುಂ ಇಲ್ಲಪಾ, ಸಾಹೇಬ ದೌರೆ ಮ್ಯಾಲ ಪರಊರಿಗೆ ಹೋಗ್ಯಾನ ಅಂದ. ಅಂವನೂ ಅಳಾಕತ್ತಿದ್ದ. ಮೂರ ದಿನ ಹೋದೆ. ಸಾಹೇಬ ಬಂದಿದ್ರ ಒಂದ ಮಾತಿನ ಕೆಲಸ ಅದು. ಆ ಮಾತು ಆಡಾಕ ಬರೂವಂಥ ಮನಷ್ಯಾ ಆಗ್ಬೇಕು ಅನಿಸ್ತು. ಅಷ್ಟs."

"ಇದನ್ನ ಯಾಕ ಹೇಳ್ಲಿಲ್ಲ?"

"ತುಂಬಿದ ಕೊಡ ಹಂಗs ವಾಪಸ್ ತಂದಿದ್ದೆ. ಹ್ಯಾಂಗ ಹೇಳ್ಲೆವ್ವಾ?"

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಖುರ್ಚಿ ಮ್ಯಾಲ ಕುಂತ ಮ್ಯಾಲ ಮಂದಿ ಮರೀತಾರಪಾ" ಎಂದಳು.

"ಆ ಅಂಜಿಕಿ ನನಗೂ ಐತಿ" ಎಂದ ಅವನು. ಆಣೆ ಭಾಷೆ ಏನೂ ಮಾಡಲಿಲ್ಲ. ಅವಳು ಕೊಡ ಎತ್ತಿಕೊಂಡು ಹಳ್ಳಕ್ಕೆ ಹೋದಳು. ನಾನೂ ಗುದ್ದಲಿ ಹಿಡಿದೆ. ಇನ್ನೂ ಒಂದು ಸಾಲು ಬಾಕಿ ಇತ್ತು.

ಪದವಿಯ ದಿನ

ಹುಲ್ಲಿನ ಬಯಲಿನಲ್ಲಿ ಶಾಮಿಯಾನ. ದೊರೆಸಾನಿಯರ ಟೊಪ್ಪಿಗೆಗಳಲ್ಲಿ ಹೂವು, ಅವ್ವನ ಹೆಗಲ ಮೇಲೆ ಕರಿ ಕಂಬಳಿ. ಒಬ್ಬ ಚಪರಾಸಿ ನಮ್ಮನ್ನು ಹಿಂದಿನ ಬೆಂಚಿಗೆ ಕಳಿಸಿದ, ಇನ್ನೊಬ್ಬ ಬಂದು ಮುಂದಕ್ಕೆ ಕರೆದೊಯ್ದ. ಯಾಕೆಂದು ಇಬ್ಬರೂ ಹೇಳಲಿಲ್ಲ.

ಇಂಗ್ರೇಜಿ ಭಾಷಣವಾಯಿತು, ಹೆಸರು ಕೂಗುವುದು ಶುರುವಾಯಿತು. ಮೊದಲು ಬ್ರಿಟಿಷ್ ಸೀಮೆಯ ಪ್ರಾಂತಗಳವರು. ಮದರಾಸು, ಮುಂಬಯಿ, ಬಂಗಾಲ. ಕೆಲವರ ಕೈಗೆ ಪದಕವೂ ಬಂತು. ಆಮೇಲೆ ಸಂಸ್ಥಾನಗಳವರು. ಹೈದರಾಬಾದಿನಿಂದ ಹೋಗಿದ್ದವರು ಮೂವರು. ಇಬ್ಬರ ಹೆಸರು ಬಂತು. ಆಮೇಲೆ ಬೇರೆ ಯಾವುದೋ ಸಂಸ್ಥಾನದವನನ್ನು ಕರೆದರು. ನಾನು ಬೆಂಚಿನ ಅಂಚಿಗೆ ಸರಿದು ಕೂತೆ. ಅವ್ವನಿಗೆ ಕೂಗುತ್ತಿದ್ದುದು ತಿಳಿಯುತ್ತಿರಲಿಲ್ಲ. ಅವಳು ನನ್ನ ಮುಖ ನೋಡಿಯೇ ಲೆಕ್ಕ ಹಾಕುತ್ತಿದ್ದಳು.

"ಕರೀಲಿಲ್ಲೇನು?"

"ಇನ್ನಾ ಮುಗಿದಿಲ್ಲ."

ಎಲ್ಲರಾದ ಮೇಲೆ, ಕಾಗದ ಮಡಿಸುತ್ತಿದ್ದ ಸಾಹೇಬರು ಅದನ್ನು ಮತ್ತೆ ಬಿಚ್ಚಿ, "ಮಲಾಪಾ" ಎಂದರು. ನನಗೇ ಒಂದು ಗಳಿಗೆ ಹೊಳೆಯಲಿಲ್ಲ. ಮಾಳಪ್ಪ ಎದ್ದು ಹೋದ. ಬೂಟಿನ ತುಂಬ ಕೆಸರು. ಒರೆಸಿಕೊಳ್ಳಲು ಹೊತ್ತು ಸಿಕ್ಕಿರಲಿಲ್ಲ. ಸುರುಳಿ ಕಾಗದ ತೆಗೆದುಕೊಂಡು, ಸಲಾಮು ಮಾಡಿ, ಇಳಿದು ಬಂದ. ಚಪ್ಪಾಳೆ ತಟ್ಟಿದ್ದು ಎಲ್ಲರಿಗೆ ತಟ್ಟಿದಷ್ಟೇ. ಅವ್ವ ಮಾತ್ರ ಉಳಿದವರು ನಿಲ್ಲಿಸಿದ ಮೇಲೂ ತಟ್ಟುತ್ತಿದ್ದಳು.

ಚಹಾದ ಹೊತ್ತಿಗೆ ಸಾಹೇಬರು ನಮ್ಮ ಹತ್ತಿರ ಬಂದು, ನಿಮ್ಮ ತಾಯಿಗೆ ನಮ್ಮ ಕಾಲೇಜು ಹೇಗನಿಸಿತು ಎಂದು ಕೇಳಿದರು. ಅವ್ವ ನನ್ನ ಕಡೆ ತಿರುಗಿ, "ಸಸಿಗೆ ಎಂಟ ದಿನ ಬಿಡದs ನೀರ ಹಾಕ್ರಿ ಅಂತ ಹೇಳು. ಬೇರ ಇನ್ನಾ ಹಿಡದಿಲ್ಲ" ಎಂದಳು. ಹೇಳಿದೆ. ಅವರು ಚಹಾದ ಬಟ್ಟಲು ಕೆಳಗಿಟ್ಟು, ಆಗಲಿ ಎಂದು ತಲೆಬಾಗಿಸಿದರು.

ಮರಳಿ

ಸ್ಟೇಷನ್ನಿಗೆ ಕಳಿಸಲು ಬಂದ ಮಾಳಪ್ಪ ಗೆಲುವಾಗಿದ್ದ. ಡಬ್ಬಿಯಲ್ಲಿ ಕೂತ ಅವ್ವ ಅವನ ಕೈಯಿಂದ ಬಾಳೆಹಣ್ಣು ಇಸಿದುಕೊಂಡು ತಿನ್ನುತ್ತಿದ್ದಳು. ಆಗ ಅವನು ಗುಟ್ಟು ಬಿಚ್ಚಿದ. ನಮ್ಮ ಸೀಮೆಗೇ ಹಾಕಿಕೊಡಿ ಎಂದು ಹೈದರಾಬಾದಿಗೆ ಅರ್ಜಿ ಕಳಿಸಿದ್ದನಂತೆ. ಮೇಲಿನವರೊಬ್ಬರು ಆಗುತ್ತದೆ ಎಂದಿದ್ದರಂತೆ.

"ವಾರಕ್ಕೊಮ್ಮಿ ಮನಿಗೆ ಬರಬೌದು ನೋಡವ್ವಾ."

ಅವ್ವ ಸಿಪ್ಪೆಯನ್ನು ಕಿಟಕಿಯಾಚೆ ಹಾಕಿದಳು. "ಬ್ಯಾಡ. ಆ ಅರ್ಜಿ ವಾಪಸ್ ತಗೋ."

"ಯಾಕವ್ವಾ?"

"ನಮ್ಮವರ ಕುರಿ ಬಿಟ್ರ, ತನ್ನವರಂತ ಬಿಟ್ಟ ಅಂತಾರ. ಹಿಡದ್ರ, ತನ್ನವರನ್ನs ಬಿಡ್ಲಿಲ್ಲ ಅಂತಾರ. ಎಲ್ಡರಾಗೂ ನಿನಗ ನೆಟ್ಟಗ ಕೆಲಸ ಮಾಡಾಕ ಬರಂಗಿಲ್ಲ. ದೂರ ಹೋಗು. ಅಲ್ಲೂ ಕುರಿ ಇರ್ತಾವ, ದೊಡ್ಡಿ ಇರ್ತಾವ."

ಗಾರ್ಡ್ ಸೀಟಿ ಊದಿದ. ಮಾಳಪ್ಪ ಕಿಟಕಿಯ ಸರಳು ಹಿಡಿದು ನಾಲ್ಕು ಹೆಜ್ಜೆ ಜೊತೆಗೆ ನಡೆದ. ಅವ್ವ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. "ಬೀಳ್ತೀ, ನಿಲ್ಲು" ಎಂದಳು.

ನಾಲ್ಕು ದಿನದ ದಾರಿಯಲ್ಲಿ ಅವಳು ಈ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ವಾರಕ್ಕೊಮ್ಮೆ ಮಗ ಬರುವ ಮನೆ ಅವಳಿಗೆ ಬೇಡವಾಗಿತ್ತೆಂದು ಯಾರೂ ತಿಳಿಯಬಾರದು. ಒಂದು ಮಧ್ಯಾಹ್ನ ಕಿಟಕಿಗೆ ಹೋದಾಗ ಅವಳ ಕಣ್ಣು ಕೆಂಪಗಿದ್ದವು. ಇಂಜಿನ್ನಿನ ಬೂದಿ ಬಿತ್ತು ಎಂದಳು.

ಮಾಗನೂರು

ಕಾರಹುಣ್ಣಿಮೆಗೆ ಮಾಳಪ್ಪನ ಪತ್ರ ಬಂತು. ಅರ್ಜಿ ಹಿಂದಕ್ಕೆ ಪಡೆದಿದ್ದ. ಅವನನ್ನು ಅದಿಲಾಬಾದಿನ ಕಾಡಿಗೆ ಹಾಕಿದ್ದರು. ದಟ್ಟ ಕಾಡು, ಗೋಂಡರ ಸೀಮೆ. ಸಂಸ್ಥಾನದ ಆ ತುದಿ ಅದು, ನಾವು ಈ ತುದಿ. ಅವ್ವನ ಮುಂದೆ ಓದಿ, ಹೇಗೆ ಸಮಾಧಾನ ಹೇಳುವುದೋ ತಿಳಿಯದೆ ಪತ್ರ ಮಡಿಸುತ್ತ ಕೂತೆ.

"ಎಷ್ಟ ದೂರ ಆಕ್ಕೈತಿ?" ಎಂದಳು.

"ಎಲ್ಡ್ ದಿನದ ದಾರಿ."

ಅವ್ವ ಬೆರಳು ಮಡಿಚಿ ಮನಸ್ಸಿನಲ್ಲಿಯೇ ಏನೋ ಹಾಕಿ ನೋಡಿದಳು.

"ಎಲ್ಡs ದಿನಾನು?" ಎಂದಳು. "ಡೇರಾಡೂನಿಗಿಂತ ಸನೇಕs ಐತಲ್ಲೋ." ಎದ್ದು ಬುತ್ತಿಯ ಜೋಳ ಹಸನ ಮಾಡಲು ಮೊರ ತೆಗೆದುಕೊಂಡಳು.